ಲಾರಿ ಟೈರಿನೊಳಗಿನ ಗಾಜಿನ ಮಣಿಗಳು: ಉಳಿತಾಯವೋ, ಮತ್ತೊಂದು ಖರ್ಚೋ?

ಸರಕು ಸಾಗಣೆಗೆ ಸ್ವಂತ ಲಾರಿಗಳನ್ನು ಇಟ್ಟುಕೊಂಡಿರುವ ನಮ್ಮ ವರ್ತಕ ಹಾಗೂ ಸಣ್ಣ ಉದ್ಯಮಿ ಬಂಧುಗಳಿಗೆ ಡೀಸೆಲ್ಲಿನ ನಂತರದ ದೊಡ್ಡ ಖರ್ಚುಗಳಲ್ಲಿ ಟೈರಿನದೂ ಒಂದು. ಡೀಸೆಲ್ಲಿನ ಲೆಕ್ಕವನ್ನು ನಾವು ದಿನಕ್ಕೊಮ್ಮೆ ಕೇಳುತ್ತೇವೆ. ಟೈರಿನ ಲೆಕ್ಕವನ್ನು ಅದು ಸವೆದು ಹೋದ ದಿನ ಮಾತ್ರ ಕೇಳುತ್ತೇವೆ. ಈ ಉದಾಸೀನತೆಯಿಂದ ಎಷ್ಟು ಹಣ ಸೋರಿಹೋಗುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕೆಲವು ತಿಂಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ಕಚೇರಿಗೆ ಬಂದರು. ಎಣ್ಣೆ ಗಿರಣಿಯ ಮಾಲೀಕರು. ಹತ್ತು ಚಕ್ರದ ಐದು ಲಾರಿಗಳು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ, ಮುಂಬಯಿ ಕಡೆಗೆ ಓಡುತ್ತವೆ. ಅವರ ಕೈಯಲ್ಲಿ ಒಂದು ದರಪಟ್ಟಿ ಇತ್ತು. ಟೈರಿನೊಳಗೆ ಸಣ್ಣ ಗಾಜಿನ ಮಣಿಗಳನ್ನು ಸುರಿದರೆ ಸಾಕು, ರಿಮ್ಮಿಗೆ ಸೀಸದ ತೂಕ ಹೊಡೆಯುವ ಅಗತ್ಯವೇ ಇಲ್ಲ, ಚಕ್ರ ತಾನಾಗಿಯೇ ಸಮತೋಲನಕ್ಕೆ ಬರುತ್ತದೆ, ಟೈರಿನ ಬಾಳಿಕೆ ಹೆಚ್ಚುತ್ತದೆ ಎಂದು ಮಾರಾಟ ಪ್ರತಿನಿಧಿ ಹೇಳಿದ್ದನಂತೆ. ಚಕ್ರವೊಂದಕ್ಕೆ 1,800 ರೂಪಾಯಿ. ಐವತ್ತು ಚಕ್ರಕ್ಕೆ 90,000 ರೂಪಾಯಿ. ಚೆಕ್ಕಿಗೆ ಸಹಿ ಮಾಡುವ ಮುನ್ನ ಅವರು ನನ್ನನ್ನು ಕೇಳಿದ ಪ್ರಶ್ನೆ ಇಷ್ಟೇ: "ಆಡಿಟರ್ ಸಾಹೇಬ್ರೆ, ಇದನ್ನ ಯಾವ ಖಾತೆಗೆ ಬರೀಬೇಕು? ರಿಪೇರಿಗೋ, ದಡ್ಡತನಕ್ಕೋ?"

ನಾನು ವಾಣಿಜ್ಯ ಪದವೀಧರನೇ ಹೊರತು ತಂತ್ರಜ್ಞನಲ್ಲ. ಆದರೆ ಪ್ರಶ್ನೆ ಲೆಕ್ಕಕ್ಕೆ ಸಂಬಂಧಿಸಿದ್ದರಿಂದ ವಿಷಯವನ್ನು ಮೂಲದಿಂದ ತಿಳಿದುಕೊಳ್ಳಬೇಕಾಯಿತು. ತಿಳಿದುಕೊಂಡದ್ದನ್ನು ಸದಸ್ಯರೊಡನೆ ಹಂಚಿಕೊಳ್ಳುತ್ತಿದ್ದೇನೆ.

ಅಸಮತೋಲನ ಎಂದರೇನು?

ಟೈರು ಮತ್ತು ರಿಮ್ ಸುತ್ತಲೂ ಒಂದೇ ತೂಕವಿರುವುದಿಲ್ಲ. ರಬ್ಬರಿನ ಬೆಸುಗೆ, ವಾಲ್ವ್, ಹಿಂದೆ ಹಾಕಿದ ಪಂಕ್ಚರ್ ಪ್ಯಾಚು, ರಿಮ್ಮಿಗೆ ಅಂಟಿದ ಒಣಮಣ್ಣು, ಇವೆಲ್ಲವುಗಳಿಂದ ಒಂದು ಪಾರ್ಶ್ವ ಸ್ವಲ್ಪ ಭಾರವಾಗುತ್ತದೆ. ನಿಂತ ಲಾರಿಯಲ್ಲಿ 100 ಗ್ರಾಂ ವ್ಯತ್ಯಾಸ ಲೆಕ್ಕಕ್ಕೇ ಬಾರದು. ಓಡುವ ಲಾರಿಯಲ್ಲಿ ಹಾಗಲ್ಲ. ಭಾರಿ ಲಾರಿಯ ಟೈರಿನ ತ್ರಿಜ್ಯವನ್ನು ಸುಮಾರು ಅರ್ಧ ಮೀಟರ್ ಎಂದು ಹಿಡಿದರೆ, ಟ್ರೆಡ್ಡಿನಲ್ಲಿರುವ ಆ 100 ಗ್ರಾಂ ಹೆಚ್ಚುವರಿ ತೂಕವು ಗಂಟೆಗೆ 40 ಕಿ.ಮೀ. ವೇಗದಲ್ಲಿ ಸುಮಾರು 2.5 ಕಿಲೋ ತೂಕದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಸೆಳೆಯುತ್ತದೆ. 60 ಕಿ.ಮೀ. ವೇಗದಲ್ಲಿ ಈ ಬಲ ಸುಮಾರು 5.7 ಕಿಲೋ, 80 ಕಿ.ಮೀ. ವೇಗದಲ್ಲಿ ಸುಮಾರು 10 ಕಿಲೋ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಬೇಕು. 80 ಕಿ.ಮೀ. ವೇಗದಲ್ಲಿ ಚಕ್ರವು ಸೆಕೆಂಡಿಗೆ ಸುಮಾರು ಏಳು ಸುತ್ತು ತಿರುಗುವುದರಿಂದ ಈ ಹತ್ತು ಕಿಲೋ ಪೆಟ್ಟು ಸೆಕೆಂಡಿಗೆ ಏಳು ಬಾರಿ ಬೀಳುತ್ತದೆ. ಪರಿಣಾಮವಾಗಿ ಸ್ಟೇರಿಂಗ್ ನಡುಗುತ್ತದೆ, ಬೇರಿಂಗು ಮತ್ತು ಕಿಂಗ್‌ಪಿನ್ನುಗಳು ಬೇಗ ಸವೆಯುತ್ತವೆ, ಟೈರಿನಲ್ಲಿ ಅಲ್ಲಲ್ಲಿ ಬಟ್ಟಲಿನಾಕಾರದ ಗುಳಿಗಳು ಬೀಳುತ್ತವೆ.

ಇದರಿಂದ ಒಂದು ವ್ಯಾವಹಾರಿಕ ತೀರ್ಮಾನ ಹೊರಡುತ್ತದೆ. 2018ರ ಕೇಂದ್ರ ಅಧಿಸೂಚನೆಯು ಸರಕು ವಾಹನಗಳಿಗೆ ನಾಲ್ಕು ಪಥದ ವಿಭಜಿತ ಹೆದ್ದಾರಿಗಳಲ್ಲಿ 80 ಕಿ.ಮೀ. ಹಾಗೂ ಇತರ ರಸ್ತೆಗಳಲ್ಲಿ 60 ಕಿ.ಮೀ. ಗರಿಷ್ಠ ಮಿತಿಯನ್ನು ಗೊತ್ತುಪಡಿಸಿತು. ಹೆದ್ದಾರಿಯಲ್ಲಿ ದಿನವಿಡೀ ಓಡುವ ಲಾರಿಗೆ ಸಮತೋಲನ ನಿಜವಾದ ಅಗತ್ಯ. ಮಾರುಕಟ್ಟೆ ಪ್ರಾಂಗಣದಿಂದ ಗೋದಾಮಿಗೆ, ಕಲ್ಲುಕ್ವಾರಿಯಿಂದ ಕ್ರಷರಿಗೆ ನಿಧಾನವಾಗಿ ಓಡುವ ಲಾರಿಗೆ ಅದರ ಲಾಭ ಅತ್ಯಲ್ಪ.

ಎರಡು ವಿಧಾನಗಳು

ಮೊದಲನೆಯದು ರೂಢಿಯಲ್ಲಿರುವ ವಿಧಾನ. ಚಕ್ರವನ್ನು ಯಂತ್ರಕ್ಕೆ ಏರಿಸಿ ತಿರುಗಿಸಿ, ಯಂತ್ರ ತೋರಿಸಿದ ಜಾಗದಲ್ಲಿ ರಿಮ್ಮಿನ ಅಂಚಿಗೆ ತೂಕದ ತುಂಡನ್ನು ಹೊಡೆಯುವುದು. ಇದರ ದೊಡ್ಡ ಗುಣವೆಂದರೆ ಫಲಿತಾಂಶವನ್ನು ಅಲ್ಲೇ ಯಂತ್ರದ ಮೇಲೆ ಕಣ್ಣಾರೆ ಕಾಣಬಹುದು. ದೋಷಗಳೂ ಉಂಟು. ಟೈರು ಸವೆದಂತೆ ಅಥವಾ ಪಂಕ್ಚರ್ ಹಾಕಿಸಿದಂತೆ ಲೆಕ್ಕ ತಪ್ಪುತ್ತದೆ. ಕೆಟ್ಟ ರಸ್ತೆಯಲ್ಲಿ ತೂಕ ಕಳಚಿ ಬೀಳುತ್ತದೆ. ಭಾರಿ ಚಕ್ರವನ್ನು ಏರಿಸಬಲ್ಲ ಯಂತ್ರಗಳು ಎಲ್ಲ ಊರುಗಳಲ್ಲಿ ಇಲ್ಲ. ರಸ್ತೆಗೆ ಉದುರಿದ ಸೀಸವು ಪರಿಸರಕ್ಕೆ ಹಾನಿಕರವೆಂಬ ಕಾರಣದಿಂದ ಐರೋಪ್ಯ ಒಕ್ಕೂಟವು 2005ರಲ್ಲಿ ಹೊಸ ಕಾರುಗಳಿಗೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 2010ರಲ್ಲಿ, ಸೀಸದ ತೂಕಗಳನ್ನು ನಿಷೇಧಿಸಿದವು. ಉಕ್ಕು ಮತ್ತು ಸತುವಿನ ತೂಕಗಳು ಅದರ ಬದಲಿಗೆ ಬಂದಿವೆ.

ಎರಡನೆಯದು ಮಣಿಗಳ ವಿಧಾನ. ಗಾಜಿನ ಅಥವಾ ಸೆರಾಮಿಕ್‌ನ ಅತಿ ಸಣ್ಣ ಗುಂಡುಗಳನ್ನು, ಭಾರಿ ಲಾರಿ ಟೈರಿಗೆ ಸಾಮಾನ್ಯವಾಗಿ 300 ಗ್ರಾಂ ಆಸುಪಾಸಿನ ಪ್ರಮಾಣದಲ್ಲಿ, ಟ್ಯೂಬ್‌ಲೆಸ್ ಟೈರಿನೊಳಗೆ ಹಾಕಲಾಗುತ್ತದೆ. ಲಾರಿ ಸುಮಾರು 8 ಕಿ.ಮೀ. ವೇಗವನ್ನು ದಾಟಿದೊಡನೆ ಮಣಿಗಳು ಮೇಲ್ಭಾಗದಲ್ಲಿಯೂ ಕೆಳಗೆ ಬೀಳದೆ ಟೈರಿನ ಒಳಮೈಗೆ ಒತ್ತಿಕೊಳ್ಳುತ್ತವೆ. ಬಳಿಕ ಚಕ್ರದ ಅದುರಾಟದಿಂದ ಅವು ಸರಿದಾಡಿ ಭಾರದ ಪಾರ್ಶ್ವಕ್ಕೆ ಎದುರಾಗಿ ಸೇರಿಕೊಳ್ಳುತ್ತವೆ ಎಂಬುದು ಮಾರಾಟಗಾರರ ವಿವರಣೆ. ಇದು ನಿಜವಾದರೆ ಲಾಭ ಸ್ಪಷ್ಟ: ಟೈರು ಸವೆದಂತೆಲ್ಲ ಸಮತೋಲನವೂ ಪ್ರತಿ ಪ್ರಯಾಣದಲ್ಲಿ ಹೊಸದಾಗಿ ಸರಿಹೋಗುತ್ತದೆ.

ತತ್ತ್ವ ಎಷ್ಟು ದೂರ ಸರಿ?

ಪ್ರತಿನಿಧಿ ಕೊಟ್ಟ ಉದಾಹರಣೆ ವಾಷಿಂಗ್ ಮೆಷೀನಿನದು. ಅದರ ಡ್ರಮ್ಮಿನ ಅಂಚಿನಲ್ಲಿ ದ್ರವ ತುಂಬಿದ ಉಂಗುರವಿರುತ್ತದೆ. ಒದ್ದೆ ಬಟ್ಟೆ ಒಂದು ಕಡೆ ಗುಂಪಾದರೆ ದ್ರವ ಎದುರು ಕಡೆಗೆ ಸರಿದು ಸಮ ಮಾಡುತ್ತದೆ. ಉದಾಹರಣೆ ಸತ್ಯ. ಆದರೆ ಅದಕ್ಕೊಂದು ಷರತ್ತು ಇದೆ, ಆ ಷರತ್ತನ್ನು ಪ್ರತಿನಿಧಿ ಹೇಳಿರಲಿಲ್ಲ.

ಸ್ಪ್ರಿಂಗಿನ ಮೇಲೆ ಕುಳಿತ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸ್ವಾಭಾವಿಕ ಕಂಪನ ವೇಗವಿರುತ್ತದೆ. ತಿರುಗುವ ವೇಗ ಈ ಸ್ವಾಭಾವಿಕ ವೇಗಕ್ಕಿಂತ ಸಾಕಷ್ಟು ಹೆಚ್ಚಿದ್ದಾಗ ಮಾತ್ರ ಸಡಿಲ ತೂಕಗಳು ಭಾರಕ್ಕೆ ಎದುರಾಗಿ ಸರಿಯುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ಅವು ಭಾರದ ಕಡೆಗೇ ಸೇರುವ ಪ್ರವೃತ್ತಿ ತೋರುತ್ತವೆ. ವಾಷಿಂಗ್ ಮೆಷೀನಿನ ಡ್ರಮ್ಮು ಮೆತ್ತನೆಯ ಸ್ಪ್ರಿಂಗಿನಲ್ಲಿ ತೂಗಾಡುತ್ತ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ತಿರುಗುವುದರಿಂದ ಷರತ್ತು ಸುಲಭವಾಗಿ ಪೂರೈಸುತ್ತದೆ. ಲಾರಿಯ ಆಕ್ಸಲ್ಲು ಟೈರಿನ ಮೇಲೆ ಪುಟಿಯುವ ಸ್ವಾಭಾವಿಕ ವೇಗ ಸೆಕೆಂಡಿಗೆ ಸುಮಾರು ಹತ್ತರ ಆಸುಪಾಸಿನದು. ನಮ್ಮ ಚಕ್ರವಾದರೋ 80 ಕಿ.ಮೀ. ವೇಗದಲ್ಲಿಯೂ ಏಳೇ ಸುತ್ತು ತಿರುಗುತ್ತದೆ. ಆದಕಾರಣ ವಾಷಿಂಗ್ ಮೆಷೀನಿನ ನ್ಯಾಯವನ್ನು ಲಾರಿಗೆ ಹಾಗೆಯೇ ಅನ್ವಯಿಸಲಾಗದು.

ಹಾಗೆಂದು ಮಣಿಗಳು ಶುದ್ಧ ಮೋಸವೆಂದು ತೀರ್ಪು ಕೊಡುವುದೂ ನ್ಯಾಯವಲ್ಲ. ಚಕ್ರ ಮೇಲೆ ಕೆಳಗೆ ಮಾತ್ರವಲ್ಲದೆ ಹಿಂದೆ ಮುಂದೆಯೂ ಅದುರುತ್ತದೆ. ರಸ್ತೆಯ ಕುಲುಕಾಟವೂ ಸೇರುತ್ತದೆ. ಮಣಿಗಳ ಉರುಳಾಟವೇ ಕಂಪನದ ಶಕ್ತಿಯನ್ನು ಒಂದಿಷ್ಟು ಹೀರಿಕೊಳ್ಳುತ್ತದೆ ಎಂಬ ವಾದವೂ ಇದೆ. ಬಳಸಿ ತೃಪ್ತರಾದ ಲಾರಿ ಮಾಲೀಕರು ಇದ್ದಾರೆ, ಒಪ್ಪದ ತಂತ್ರಜ್ಞರೂ ಇದ್ದಾರೆ. ಇನ್ನೊಂದು ತೊಡಕೆಂದರೆ, ಮಣಿ ಹಾಕಿದ ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿ ಪರೀಕ್ಷಿಸಲಾಗದು. ಯಂತ್ರವು ಚಕ್ರವನ್ನು ಬಿಗಿಯಾಗಿ ಹಿಡಿಯುವುದರಿಂದ ಮಣಿಗಳು ರಸ್ತೆಯಲ್ಲಿ ವರ್ತಿಸುವಂತೆ ಅಲ್ಲಿ ವರ್ತಿಸುವುದಿಲ್ಲ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ವೋಚರು ಇಲ್ಲದ ಖರ್ಚು. ವೋಚರನ್ನು ಮಾಲೀಕರೇ ತಯಾರಿಸಿಕೊಳ್ಳಬೇಕು. ಅದು ಹೇಗೆಂಬುದನ್ನು ಮುಂದೆ ನೋಡೋಣ.

ಮಣಿಗಳಿಂದ ಆಗದ ಕೆಲಸಗಳು

ನಡುಕವೆಲ್ಲ ಅಸಮತೋಲನವಲ್ಲ. ಡೊಂಕಾದ ರಿಮ್, ವೃತ್ತಾಕಾರ ತಪ್ಪಿದ ಟೈರು, ಸಡಿಲವಾದ ಬೇರಿಂಗು, ಸವೆದ ಕಿಂಗ್‌ಪಿನ್ನು, ತಪ್ಪಿದ ಅಲೈನ್‌ಮೆಂಟು, ಕೆಲಸ ಮಾಡದ ಶಾಕ್ ಅಬ್ಸಾರ್ಬರ್, ಇವುಗಳನ್ನು ಮಣಿಯಾಗಲಿ ತೂಕವಾಗಲಿ ಸರಿಪಡಿಸಲಾರವು. ಪರೀಕ್ಷೆ ಸರಳ. ಚಕ್ರವನ್ನು ಜಾಕಿನ ಮೇಲೆ ಎತ್ತಿ, ಟ್ರೆಡ್ಡಿನ ಹತ್ತಿರ ಒಂದು ಕಡ್ಡಿಯನ್ನು ಅಲುಗದಂತೆ ಊರಿ, ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಕಡ್ಡಿಗೂ ಟೈರಿಗೂ ನಡುವಿನ ಅಂತರ ಹೆಚ್ಚು ಕಡಿಮೆಯಾದರೆ ಟೈರು ಅಥವಾ ರಿಮ್ ವೃತ್ತ ತಪ್ಪಿದೆ. ಚಕ್ರದ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲುಗಾಡಿಸಿದಾಗ ಸಡಿಲ ಕಂಡುಬಂದರೆ ದೋಷ ಬೇರಿಂಗು ಅಥವಾ ಕಿಂಗ್‌ಪಿನ್ನಿನದು.

ನಮ್ಮ ಗಿರಣಿ ಮಾಲೀಕರ ಐದು ಲಾರಿಗಳಲ್ಲಿ ನಡುಕದ ದೂರು ಇದ್ದದ್ದು ಮೂರರ ಮೇಲೆ. ಚೆಕ್ಕನ್ನು ಒಂದು ವಾರ ತಡೆಹಿಡಿಯಿರಿ, ಮೊದಲು ಮೆಸ್ತ್ರಿಯಿಂದ ಈ ಪರೀಕ್ಷೆ ಮಾಡಿಸಿರಿ ಎಂದು ನಾನು ಸೂಚಿಸಿದೆ. ಒಂದು ಲಾರಿಯ ಮುಂದಿನ ಎಡ ರಿಮ್ ಡೊಂಕಾಗಿತ್ತು. ಇನ್ನೊಂದರಲ್ಲಿ ಬೇರಿಂಗು ಸಡಿಲವಾಗಿತ್ತು. ಮೆಸ್ತ್ರಿಯ ಮಾತಿನಂತೆ ಅದು ಹಾಗೆಯೇ ಓಡಿದ್ದರೆ ಖಂಬಾಟ್ಕಿ ಘಾಟಿನ ಇಳಿಜಾರಿನಲ್ಲಿ ಚಕ್ರವೇ ಕೈಕೊಡಬಹುದಿತ್ತು. ಮೂರನೆಯದರಲ್ಲಿ ಮಾತ್ರ ನಿಜವಾದ ಅಸಮತೋಲನ ಇದ್ದಿತು. ಐವತ್ತು ಚಕ್ರಕ್ಕೂ ಮಣಿ ಸುರಿದಿದ್ದರೆ 90,000 ರೂಪಾಯಿ ಹೋಗುತ್ತಿತ್ತು, ಎರಡು ಲಾರಿಗಳ ರೋಗ ಹಾಗೆಯೇ ಉಳಿಯುತ್ತಿತ್ತು. ಮಿಗಿಲಾಗಿ, "ಹೊಸ ಮಣಿ ಹಾಕಿಸಿದ್ದೇವಲ್ಲ" ಎಂಬ ಧೈರ್ಯದಲ್ಲಿ ಆ ಬೇರಿಂಗನ್ನು ಯಾರೂ ನೋಡುತ್ತಿರಲಿಲ್ಲ.

ಆದುದರಿಂದ ಖರ್ಚಿನ ಅನುಕ್ರಮ ಹೀಗಿರಬೇಕು: ಮೊದಲು ಗಾಳಿಯ ಒತ್ತಡ, ನಂತರ ಬೇರಿಂಗು ಮತ್ತು ಕಿಂಗ್‌ಪಿನ್ನು, ಬಳಿಕ ರಿಮ್, ಅದಾದ ಮೇಲೆ ಅಲೈನ್‌ಮೆಂಟು, ಕೊನೆಗೆ ಸಮತೋಲನ. ಸಮತೋಲನದಲ್ಲಿಯೂ ಮುಂದಿನ ಎರಡು ಚಕ್ರಗಳಿಗೆ ಪ್ರಥಮ ಪ್ರಾಶಸ್ತ್ಯ.

ಬಳಸುವವರು ಗಮನಿಸಬೇಕಾದ ಅಂಶಗಳು

1. ಇದು ಟ್ಯೂಬ್‌ಲೆಸ್ ಟೈರಿಗೆ ಒಗ್ಗುವ ವಿಧಾನ. ಟ್ಯೂಬು ಮತ್ತು ಫ್ಲಾಪ್ ಇರುವ ಟೈರಿನಲ್ಲಿ ಟೈರಿಗೂ ಟ್ಯೂಬಿಗೂ ನಡುವೆ ಮಣಿ ಹಾಕಿದರೆ ಮಣಿಗಳಿಗೆ ಸರಿದಾಡಲು ಜಾಗವಿಲ್ಲ, ಟ್ಯೂಬಿಗೂ ಹಾನಿ.

2. ಒಳಗೆ ತೇವವಿದ್ದರೆ ಮಣಿಗಳು ಮುದ್ದೆಗಟ್ಟುತ್ತವೆ. ಕಂಪ್ರೆಸರಿನ ಟ್ಯಾಂಕಿನಲ್ಲಿ ನಿಂತ ನೀರನ್ನು ಹೊರಬಿಟ್ಟ ನಂತರವೇ ಗಾಳಿ ತುಂಬಬೇಕು. ಟೈರು ಏರಿಸುವಾಗ ಹಚ್ಚುವ ಸೋಪು ಅಥವಾ ಜಾರುಪದಾರ್ಥ ಒಳಮೈಗೆ ತಾಗಬಾರದು.

3. ಪಂಕ್ಚರ್ ತಡೆಯುವ ದ್ರವ ಹಾಕಿದ ಟೈರಿಗೆ ಮಣಿ ಹಾಕಬಾರದು. ಅಂಟಿಕೊಂಡ ಮಣಿ ತಾನೇ ಅಸಮತೋಲನವಾಗುತ್ತದೆ.

4. ವಾಲ್ವಿನ ಪಿನ್ನಿನಲ್ಲಿ ಮಣಿ ಸಿಕ್ಕಿಕೊಂಡರೆ ಗಾಳಿ ಸೋರುತ್ತದೆ. ಜಾಲರಿಯುಳ್ಳ ಪಿನ್ನನ್ನೇ ಬಳಸಬೇಕು. ಗಾಳಿ ನೋಡುವಾಗ ವಾಲ್ವ್ ಮೇಲ್ಭಾಗದಲ್ಲಿರುವಂತೆ ಲಾರಿ ನಿಲ್ಲಿಸುವುದು ಒಳ್ಳೆಯದು.

5. ಹಳೆಯ ತೂಕಗಳನ್ನು ತೆಗೆದ ನಂತರವೇ ಮಣಿ ಹಾಕಬೇಕು. ಎರಡನ್ನೂ ಇಟ್ಟುಕೊಂಡರೆ ಯಾವುದರಿಂದ ಏನಾಯಿತೆಂದು ತಿಳಿಯದು.

6. ಪಂಕ್ಚರ್ ಅಂಗಡಿಯವನಿಗೆ ತಿಳಿಸದಿದ್ದರೆ ಟೈರು ಬಿಚ್ಚಿದೊಡನೆ ಮಣಿಯೆಲ್ಲ ನೆಲದ ಪಾಲು. ರೀಟ್ರೆಡಿಂಗಿಗೆ ಕಳುಹಿಸುವ ಮುನ್ನ ಮಣಿಗಳನ್ನು ಹೊರತೆಗೆದು, ಒಣಗಿದ್ದರೆ ಮರುಬಳಕೆಗೆ ಇಟ್ಟುಕೊಳ್ಳಬಹುದು.

7. ಟೈರಿನೊಳಗೆ ಪರಪದಾರ್ಥ ಹಾಕುವುದರ ಬಗ್ಗೆ ಟೈರು ಕಂಪನಿಯ ವಾರಂಟಿ ಷರತ್ತು ಏನು ಹೇಳುತ್ತದೆ ಎಂಬುದನ್ನು ಮುಂಚಿತವಾಗಿ ಓದಿಕೊಳ್ಳಬೇಕು.

ಲಾಭ ನಷ್ಟದ ಲೆಕ್ಕ

ಈಗ ನಮ್ಮ ಕ್ಷೇತ್ರಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗಾಗಿ ಮಾತ್ರ. ಪ್ರತಿಯೊಬ್ಬರೂ ತಮ್ಮ ಬಿಲ್ಲಿನ ಅಂಕಿಗಳನ್ನು ಹಾಕಿಕೊಳ್ಳಬೇಕು.

ಟೈರಿನ ಬೆಲೆ 22,000 ರೂ. ರೀಟ್ರೆಡಿಂಗಿಗೆ ಯೋಗ್ಯವಾದ ಹಳೆಯ ಟೈರಿನ ಮೌಲ್ಯ 5,000 ರೂ. ಅಂದರೆ ಸವೆತಕ್ಕೆ ಸೇರಿದ ವೆಚ್ಚ 17,000 ರೂ. ಈ ಟೈರು 80,000 ಕಿ.ಮೀ. ಓಡಿದರೆ ಪ್ರತಿ 1,000 ಕಿ.ಮೀ.ಗೆ ವೆಚ್ಚ 212 ರೂ. 50 ಪೈಸೆ. ಈಗ 1,800 ರೂಪಾಯಿಯ ಮಣಿ ಹಾಕಿದರೆ, ಆ ಖರ್ಚು ಹುಟ್ಟಬೇಕಾದರೆ ಟೈರು ಎಷ್ಟು ಹೆಚ್ಚು ಓಡಬೇಕು? 1,800ನ್ನು 212.50ರಿಂದ ಭಾಗಿಸಿದರೆ ಸುಮಾರು 8.47, ಅಂದರೆ ಸುಮಾರು 8,470 ಕಿ.ಮೀ. ಬಾಳಿಕೆ ಶೇಕಡ ಹತ್ತೂವರೆಗಿಂತ ಹೆಚ್ಚು ಏರಿದರೆ ಮಾತ್ರ ಲಾಭ. ಅದಕ್ಕಿಂತ ಕಡಿಮೆಯಾದರೆ ಸ್ಟೇರಿಂಗ್ ಎಷ್ಟೇ ನಯವಾಗಿದ್ದರೂ ಟೈರಿನ ಖಾತೆಯಲ್ಲಿ ನಷ್ಟವೇ.

ಆದರೆ ಮಣಿಯನ್ನು ಏನೂ ಮಾಡದಿರುವುದರೊಡನೆ ಮಾತ್ರ ಹೋಲಿಸಿದರೆ ಸಾಲದು, ತೂಕದ ವಿಧಾನದೊಡನೆಯೂ ಹೋಲಿಸಬೇಕು. ಯಂತ್ರದ ಬ್ಯಾಲೆನ್ಸಿಂಗಿಗೆ ಚಕ್ರವೊಂದಕ್ಕೆ ಒಂದು ಬಾರಿಗೆ 300 ರೂ. ಎಂದೂ, ಟೈರಿನ ಆಯುಷ್ಯದಲ್ಲಿ ನಾಲ್ಕು ಬಾರಿ ಎಂದೂ ಹಿಡಿದರೆ 1,200 ರೂ. ಆಗುತ್ತದೆ. ಆಗ ವ್ಯತ್ಯಾಸ 600 ರೂ. ಮಾತ್ರ. ಇದಕ್ಕೆ ಲಾರಿ ಪ್ರತಿ ಬಾರಿ ವರ್ಕ್‌ಶಾಪಿನಲ್ಲಿ ನಿಂತ ಹೊತ್ತಿನ ನಷ್ಟವನ್ನು ಸೇರಿಸಬೇಕು. ಯಂತ್ರ ಊರಲ್ಲೇ ಇದ್ದವರಿಗೆ ತೂಕ ಅಗ್ಗ. ಯಂತ್ರಕ್ಕಾಗಿ ಅರ್ಧ ದಿನ ಕಳೆಯಬೇಕಾದವರಿಗೆ ಮಣಿ ಅಗ್ಗವಾಗಬಹುದು. ಒಂದೇ ಉತ್ತರ ಎಲ್ಲರಿಗೂ ಹೊಂದುವುದಿಲ್ಲ.

ಟೈರು ರಿಜಿಸ್ಟರು

ಬಾಳಿಕೆ ಹೆಚ್ಚಾಯಿತೋ ಇಲ್ಲವೋ ಎಂಬುದಕ್ಕೆ ಚಾಲಕನ ಮಾತು ಸಾಕ್ಷಿಯಾಗದು. ಹೊಸದಾಗಿ ಏನು ಹಾಕಿಸಿದರೂ ಮೊದಲ ತಿಂಗಳು ಗಾಡಿ ಚೆನ್ನಾಗಿದೆ ಎಂದೇ ಅನ್ನಿಸುತ್ತದೆ. ಸಾಕ್ಷಿ ಎಂದರೆ ಟ್ರೆಡ್ಡಿನ ಆಳ. ಆಳ ಅಳೆಯುವ ಗೇಜು ಅಲ್ಪ ಬೆಲೆಗೆ ದೊರೆಯುತ್ತದೆ. ಟೈರಿನ ಕ್ರಮಸಂಖ್ಯೆ, ಹಾಕಿದ ದಿನಾಂಕ, ಮೀಟರಿನ ಓದು, ಯಾವ ಸ್ಥಾನದ ಚಕ್ರ, ಗಾಳಿಯ ಒತ್ತಡ, ಟ್ರೆಡ್ಡಿನ ಆಳ, ಇಷ್ಟು ಕಾಲಮ್ಮುಗಳ ಒಂದು ಪುಸ್ತಕ ಸಾಕು. ಟೈರಿನ ಮೇಲೆ ನಾಲ್ಕು ಕಡೆ ಬಣ್ಣದ ಗುರುತು ಹಾಕಿ, ಪ್ರತಿ ಬಾರಿ ಅದೇ ಜಾಗದಲ್ಲಿ, ಟೈರು ತಣ್ಣಗಿರುವಾಗ, ಅಳತೆ ತೆಗೆಯಬೇಕು. ಓಡಿದ ಕಿಲೋಮೀಟರನ್ನು ಸವೆದ ಮಿಲಿಮೀಟರಿನಿಂದ ಭಾಗಿಸಿದರೆ ಒಂದು ಮಿ.ಮೀ. ರಬ್ಬರಿಗೆ ಎಷ್ಟು ಕಿ.ಮೀ. ಸಿಕ್ಕಿತೆಂಬುದು ತಿಳಿಯುತ್ತದೆ. ಉದಾಹರಣೆಗೆ 20,000 ಕಿ.ಮೀ.ಗೆ 3 ಮಿ.ಮೀ. ಸವೆದರೆ ಮಿ.ಮೀ. ಒಂದಕ್ಕೆ 6,667 ಕಿ.ಮೀ.; ಎರಡೂವರೆ ಮಿ.ಮೀ. ಸವೆದರೆ 8,000 ಕಿ.ಮೀ. ಬಳಸಬಹುದಾದ ಆಳ 12 ಮಿ.ಮೀ. ಇದ್ದರೆ ಬಾಳಿಕೆ ಕ್ರಮವಾಗಿ 80,000 ಮತ್ತು 96,000 ಕಿ.ಮೀ. ಆಗುತ್ತದೆ. ಅರ್ಧ ಮಿಲಿಮೀಟರಿನ ಮೇಲೆ 16,000 ಕಿ.ಮೀ. ನಿಂತಿರುವುದರಿಂದ ಅಳತೆಯಲ್ಲಿ ಅಜಾಗರೂಕತೆ ಸಲ್ಲದು.

ಪ್ರಯೋಗಕ್ಕೆ ಒಂದೇ ಮಾರ್ಗದಲ್ಲಿ ಒಂದೇ ಬಗೆಯ ಸರಕು ಸಾಗಿಸುವ ಎರಡು ಲಾರಿಗಳನ್ನು ಆರಿಸಿ, ಎರಡಕ್ಕೂ ಒಂದೇ ಕಂಪನಿಯ ಹೊಸ ಟೈರುಗಳನ್ನು ಮುಂದೆ ಹಾಕಿಸಿ, ಒಂದಕ್ಕೆ ಮಣಿ, ಇನ್ನೊಂದಕ್ಕೆ ತೂಕ ಹಾಕಿಸಬೇಕು. ಅವಧಿಯ ಮಧ್ಯದಲ್ಲಿ ಚಾಲಕರನ್ನು ಅದಲು ಬದಲು ಮಾಡಬೇಕು. ಆರಂಭದ ಆಳವನ್ನು ಬರೆದಿಡುವುದು ಮರೆತರೆ ಮುಂದಿನದೆಲ್ಲ ವ್ಯರ್ಥ. ಆರಂಭಿಕ ಶಿಲ್ಕು ಇಲ್ಲದ ಖಾತೆಗೆ ಅಂತಿಮ ಶಿಲ್ಕು ಎಲ್ಲಿಂದ ಬರಬೇಕು?

ತೆರಿಗೆಯ ಅಂಶ

ಹೊಸ ಟೈರುಗಳ ಮೇಲಿನ ಜಿ.ಎಸ್.ಟಿ. ದರವು 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿಯಿತು. ಸ್ವಂತ ಸರಕನ್ನು ಸ್ವಂತ ಲಾರಿಯಲ್ಲಿ ಸಾಗಿಸುವ ನೋಂದಾಯಿತ ಉತ್ಪಾದಕರು, ತಮ್ಮ ಮಾರಾಟ ತೆರಿಗೆಗೆ ಒಳಪಟ್ಟಿದ್ದಲ್ಲಿ, ಸರಕು ವಾಹನದ ಟೈರು ಮತ್ತು ದುರಸ್ತಿಯ ಮೇಲೆ ತೆತ್ತ ತೆರಿಗೆಯ ಹೂಡುವಳಿ ಜಮೆಯನ್ನು ಪಡೆಯಬಹುದು. ಅಂಥವರು ಮೇಲಿನ ಲೆಕ್ಕದಲ್ಲಿ ತೆರಿಗೆ ಕಳೆದ ಬೆಲೆಯನ್ನು ಹಾಕಬೇಕು. ಹೂಡುವಳಿ ಜಮೆಯಿಲ್ಲದೆ ಶೇಕಡ 5ರ ದರದಲ್ಲಿ ತೆರಿಗೆ ಕಟ್ಟುವ ಸಾಗಣೆದಾರರಿಗೆ ತೆರಿಗೆಯೂ ವೆಚ್ಚವೇ. ಅವರು ಪೂರ್ಣ ಬೆಲೆಯನ್ನು ಹಾಕಬೇಕು. ಮಣಿಯ ಖರ್ಚನ್ನು ವಾಹನ ನಿರ್ವಹಣೆಯ ಖಾತೆಗೆ ಬರೆಯಬಹುದು. ಬಿಲ್ಲಿನಲ್ಲಿ ಲಾರಿಯ ಸಂಖ್ಯೆ ನಮೂದಿಸಿದ್ದರೆ ರಿಜಿಸ್ಟರಿನೊಡನೆ ತಾಳೆ ನೋಡಲು ಅನುಕೂಲ.

ಉಪಸಂಹಾರ

ನಮ್ಮ ಗಿರಣಿ ಮಾಲೀಕರು ಡೊಂಕು ರಿಮ್ ಬದಲಾಯಿಸಿದರು, ಬೇರಿಂಗು ಹಾಕಿಸಿದರು, ಎರಡು ಲಾರಿಗಳ ಮುಂದಿನ ಟೈರುಗಳಲ್ಲಿ ಮಾತ್ರ ಪ್ರಯೋಗ ಆರಂಭಿಸಿದರು. ಒಂದು ಲಾರಿಗೆ ಮಣಿ, ಖರ್ಚು 3,600 ರೂಪಾಯಿ, ಇನ್ನೊಂದಕ್ಕೆ ತೂಕ. ರಿಜಿಸ್ಟರಿನಲ್ಲಿ ಈಗ ಮೂರನೆಯ ಅಳತೆಯ ಸಾಲು ಬರೆದಾಗಿದೆ. ಮೂರು ಸಾಲುಗಳ ಮೇಲೆ ನಾನು ತೀರ್ಪು ಕೊಡಲಾರೆ. ಟೈರು ಇಳಿದ ದಿನ ಖಾತೆ ತಾನೇ ಹೇಳುತ್ತದೆ. ಆದರೆ ಹಿಂದೆ ಟೈರಿಗೆ ಪುಸ್ತಕವೇ ಇಲ್ಲದಿದ್ದ ಆ ಗಿರಣಿಯಲ್ಲಿ ಈಗ ಪ್ರತಿ ಸೋಮವಾರ ಗಾಳಿಯ ಒತ್ತಡ ನೋಡಲಾಗುತ್ತಿದೆ. ಅಳತೆಗೆಂದು ಬಗ್ಗಿದಾಗ ಕ್ಲೀನರ್ ಹುಡುಗನ ಕಣ್ಣಿಗೆ ಹಿಂದಿನ ಜೋಡಿ ಟೈರಿನ ನಡುವೆ ಸಿಕ್ಕಿದ್ದ ಕಲ್ಲೂ ಬಿದ್ದಿದೆ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಿರಿಯರ ಮಾತು. ಟೈರಿನೊಳಗೆ ಸುರಿದ ಮಣಿ ಪ್ರತ್ಯಕ್ಷವಾಗಿ ಕಾಣುವುದೂ ಇಲ್ಲ. ಪ್ರಮಾಣವನ್ನು ಪುಸ್ತಕದಲ್ಲಿಯೇ ಹುಡುಕಬೇಕು. ಮುಂದಿನ ಬಾರಿ ಯಾವುದೇ ಹೊಸ ಸಾಧನದ ದರಪಟ್ಟಿ ತಮ್ಮ ಮೇಜಿನ ಮೇಲೆ ಬಂದಾಗ ಮೊದಲು ಒಂದು ಗೇಜು ಮತ್ತು ಒಂದು ರಿಜಿಸ್ಟರು ಕೊಳ್ಳಿರಿ, ಆ ಬಳಿಕ ಚೆಕ್ ಪುಸ್ತಕ ತೆರೆಯಿರಿ ಎಂಬುದೇ ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ.